ದ್ರಾಕ್ಷಿತೋಟದ ಕೆಳಗೆ ಮೀನಿನ ಬಾಣಂತನ

ಮೊನ್ನೆ ನನ್ನ ಮೊಮ್ಮಗಳು ಸ್ನೇಹಾ ಜೋರಾಪುರ ಪೇಟೆಯ ನಮ್ಮ ಮನೆಗೆ ಓಡಿ ಬಂದು, ಚಪ್ಪಲಿ ಕೂಡ ಬಿಡದೆ, ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಗಿರಗಿರನೆ ತಿರುಗಿಸಿಬಿಟ್ಟಳು. "ಆಯೀ, ಕೆಲಸ ಸಿಕ್ತ ಬೇ! ಮೀನಮರಿ ಕೇಂದ್ರದಾಗ! ನೀ ಮಾಡ್ತಿದ್ದಿ ನೋಡು, ಅದ ಕೆಲಸ!" ನನಗೆ ತಲೆ ಸುತ್ತಿದ್ದು ಅವಳು ತಿರುಗಿಸಿದ್ದಕ್ಕೋ ಆ ಸುದ್ದಿಗೋ ಹೇಳಲಾರೆ. ಓಣಿಯಲ್ಲೆಲ್ಲ ಸಕ್ಕರೆ ಹಂಚಿಕೊಂಡು ಬಂದೆ. ಕಿರಾಣಿ ಅಂಗಡಿಯವನು ಕೇಳಿದ, "ಏನ ಆಯೀ, ಮೊಮ್ಮಗಳ ಲಗ್ನ ಗೊತ್ತಾತೇನ?" ನಾನು ಅಂದೆ, "ಲಗ್ನ ಯಾವಾಗರೆ ಆಗಲೇಳೋ. ಮದಲ ಆಕಿ ಮೀನಿನ ಬಾಣಂತನಾ ಮಾಡ್ತಾಳ!"

ಅವಳ ಕೇಂದ್ರ ಬೇರೆ ಜಿಲ್ಲೆಯಲ್ಲಿದೆ. ಅವಳ ಜೊತೆ ಇನ್ನೂ ಕೆಲವು ಹುಡುಗ ಹುಡುಗಿಯರು ಸೇರಿದ್ದಾರಂತೆ. ಅವರೆಲ್ಲ ಕಾಲೇಜು ಕಲಿತವರು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಆದರೂ ಸ್ನೇಹಾ ಹಟ ಹಿಡಿದಳು, "ನಮ್ಮ ಹೊಸಬರ ಸಲುವಾಗಿ ನಿನ್ನ ಅನುಭವ ಬರದ ಕೊಡ ಆಯೀ, ನಾ ತಿದ್ದತೇನಿ." ಅದಕ್ಕೇ ಕುಳಿತಿದ್ದೇನೆ. ನನ್ನ ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ. ಎಲ್ಲಾದರೂ ಹೆಚ್ಚು ಮಾತಾಡಿದರೆ ಸಹಿಸಿಕೊಳ್ಳಿ.

ನಮ್ಮ ಕೇಂದ್ರ ಇದ್ದದ್ದು ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವೆ, ಒಂದು ಹಳ್ಳದ ದಂಡೆಗೆ. ಹಳ್ಳಕ್ಕೆ ಒಡ್ಡು ಕಟ್ಟಿ ನಿಲ್ಲಿಸಿದ ನೀರೇ ನಮ್ಮ ಕೊಳಗಳಿಗೂ ತೊಟ್ಟಿಗಳಿಗೂ ಬರುತ್ತಿತ್ತು. ಆಗ ನಮ್ಮ ಮನೆ ಜೈನಾಪುರದಲ್ಲಿತ್ತು, ಅಲ್ಲಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸಿನಲ್ಲಿ ನನಗೊಂದು ಹೆಸರು ಬಿದ್ದಿತ್ತು, ಮೀನಿನ ಸೂಲಗಿತ್ತಿ. "ಕಸ್ತೂರವ್ವಾ, ಇವತ್ತ ಎಷ್ಟ ಹೆರಿಗಿ ಮಾಡಸ್ದಿ?" ಎಂದು ಕಂಡಕ್ಟರ್ ಕೂಗುವುದು, ಬಸ್ಸೆಲ್ಲ ನಗುವುದು. "ಹೆರಿಗಿ ಆದ್ರ ಲಕ್ಷಗಟ್ಲೆ ಮಕ್ಕಳೋ ತಮ್ಮಾ, ಎಲ್ಲಾರಿಗೂ ಟಿಕೀಟ ತಗಸ್ತೀ ಏನ?" ಎಂದು ನಾನೂ ಬಿಡುತ್ತಿರಲಿಲ್ಲ.

ಮೊದಲ ದಿನ ಏನಾಯಿತು ಹೇಳುತ್ತೇನೆ, ನಿಮಗೂ ಅದೇ ಆಗುತ್ತದೆ. ತಾಯಿ ಮೀನನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ಹಿಡಿಯಬೇಕು. ನಾನು ಹೆದರಿ ದೂರ ಹಿಡಿದೆ. ಕಾಟ್ಲಾ ಮೀನು ಬಾಲದಿಂದ ಕೆನ್ನೆಗೆ ಎಂಥ ಏಟು ಕೊಟ್ಟಿತೆಂದರೆ, ಕಿವಿಯ ಬೆಂಡೋಲೆ ಹಾರಿ ಕೊಳಕ್ಕೆ ಬಿತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬಸಣ್ಣ, ಬಲೆ ಬೀಸುವ ಮನೆತನದವನು, ಹೊಟ್ಟೆ ಹಿಡಿದುಕೊಂಡು ನಕ್ಕ. "ಯಕ್ಕಾ, ಬಸರ ಹೆಣ್ಣಮಗಳನ್ನ ಹಂಗ ಹಿಡೀತಾರೇನ? ಆಕಿ ಸುಮ್ಮ ಬಿಡತಾಳೇನ?"

ಆಗ ಪದ್ಧತಿಯೇ ಬೇರೆ ಇತ್ತು. ಮೀನು ತಾನಾಗಿ ನಿಂತ ನೀರಿನಲ್ಲಿ ತತ್ತಿ ಇಡುವುದಿಲ್ಲ, ಸೂಜಿ ಚುಚ್ಚಬೇಕು. ಆ ಔಷಧಕ್ಕೆ ಬೇರೆ ಮೀನಿನ ತಲೆ ಒಡೆದು, ಸಾಸಿವೆಯಷ್ಟು ಗ್ರಂಥಿ ತೆಗೆದು, ಪುಟ್ಟ ಕಲ್ಲಿನಲ್ಲಿ ಅರೆಯುತ್ತಿದ್ದೆವು. ನನ್ನ ಮೊದಲ ಸಾಹೇಬರು ಅದನ್ನು ಅರೆಯುವಾಗ ಯಾರನ್ನೂ ಉಸಿರಾಡಲು ಬಿಡುತ್ತಿರಲಿಲ್ಲ, ಹಾರಿ ಹೋದೀತೆಂದು! ಆಮೇಲೆ ಸಿದ್ಧ ಔಷಧದ ಸೀಸೆ ಬಂತು. ಹಾಪಾ ಎನ್ನುವ ಅರಿವೆ ಚೀಲಗಳು ಹೋಗಿ, ದುಂಡನೆಯ ಸಿಮೆಂಟು ತೊಟ್ಟಿ ಬಂತು. ಅದರಲ್ಲಿ ನೀರು ಹಗಲೂ ರಾತ್ರಿ ಸುತ್ತುತ್ತಲೇ ಇರುತ್ತದೆ, ತತ್ತಿಗಳೂ ಅದರ ಜೊತೆ ತೇಲಿ ಸುತ್ತುತ್ತವೆ. ಬೆಳಿಗ್ಗೆ ಬಂದು ನೋಡಿದರೆ ನೀರ ತುಂಬ ನೆನೆದ ಸಾಬೂದಾಣಿ! ಒಳ್ಳೆಯ ತತ್ತಿ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಸತ್ತದ್ದು ಬೆಂದ ಅನ್ನದ ಅಗುಳಿನ ಹಾಗೆ ಬೆಳ್ಳಗಾಗುತ್ತದೆ. ಮಕ್ಕಳೇ, ಈ ಕೆಲಸದಲ್ಲಿ ಕಲಿಯುವುದು ಬಹಳ ಇದೆ. ಆದರೆ ಮೊದಲು ಕಲಿಯುವುದು ಈ ಬಿಳಿಯ ಭಯ.

ಆ ಭಯ ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಬಂದು ಕುಳಿತಿತು. ವರ್ಷದಿಂದ ವರ್ಷಕ್ಕೆ ಬಿಳಿ ತತ್ತಿ ಹೆಚ್ಚಾಗುತ್ತ ಹೋಯಿತು. ಒಡೆದು ಹೊರಬಂದ ಮರಿಗಳಲ್ಲೂ ಕೆಲವು ಬೆನ್ನು ಬಾಗಿ, ಒಂದೇ ಕಡೆ ಸುತ್ತಿ ಸುತ್ತಿ ಸಾಯುತ್ತಿದ್ದವು. ತಮಾಷೆ ಎಂದರೆ, ದೊಡ್ಡ ಮೀನುಗಳಿಗೆ ಏನೂ ಆಗಿರಲಿಲ್ಲ. ಮೈ ತುಂಬಿಕೊಂಡು, ತವುಡು ಹಾಕಿದರೆ ಬಾಯಿ ತೆರೆದು ಬರುತ್ತಿದ್ದವು. ನೀರು ಕೆಟ್ಟಿದ್ದರೆ ಮೊದಲು ಇವು ಸಾಯಬೇಕಲ್ಲ ಎಂದು ಎಲ್ಲರ ಲೆಕ್ಕ. ಹಾಗಾಗಿ ನೀರನ್ನು ಬಿಟ್ಟು ಉಳಿದ ಎಲ್ಲದರ ಮೇಲೂ ಅನುಮಾನ ಪಟ್ಟೆವು. ಔಷಧದ ಸೀಸೆ ಹಳೆಯದು ಅಂದೆವು. ಗಂಡು ಮೀನುಗಳಿಗೆ ವಯಸ್ಸಾಯಿತು ಅಂದೆವು. ಬಸಣ್ಣನಂತೂ ಕೇಂದ್ರದ ಗೇಟಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ.

ಆಗ ಕೇಂದ್ರ ನೋಡಿಕೊಳ್ಳುತ್ತಿದ್ದವರು ರೂಪಾ ಮೇಡಂ. ನಮ್ಮ ವಿಜಯಪುರದವರೇ, ಚುರುಕು ಹುಡುಗಿ. ಚೀಲದಲ್ಲಿ ನೀರು ನೋಡುವ ಸಣ್ಣ ಡಬ್ಬಿ ಇಟ್ಟುಕೊಂಡು ದಿನವೂ ಹನಿ ಹಾಕಿ ಬಣ್ಣ ನೋಡುತ್ತಿದ್ದರು. ನೀರಿನಲ್ಲಿ ಉಸಿರು ಸಾಕಷ್ಟಿದೆ, ಹುಳಿ ಹೆಚ್ಚಿಲ್ಲ. ಎಲ್ಲ ಸರಿ ಇದೆ ಅನ್ನುತ್ತಿತ್ತು ಡಬ್ಬಿ, ತತ್ತಿ ಮಾತ್ರ ಸಾಯುತ್ತಿತ್ತು.

ಒಂದು ಮಳೆಗಾಲದ ಮೊದಲಿಗೆ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ಇಸ್ತ್ರಿಯ ಪ್ಯಾಂಟು, ಕೊಳದ ದಂಡೆಗೆ ಬಂದರೂ ಕೆಸರಿಗೆ ಕಾಲಿಡದವರು. ಕೆಟ್ಟವರಲ್ಲ, ಆದರೆ ಅವರ ಮೇಲೂ ಯಾರೋ ಇದ್ದರಲ್ಲ.

"ರೂಪಾ, ಮರಿ ಇಲ್ಲದ ಮೀನಮರಿ ಕೇಂದ್ರ ಅಂತ ಮೀಟಿಂಗಿನ್ಯಾಗ ನಗ್ತಾರ. ಈ ಮಳೆಗಾಲ ಕಡೀ ಅವಕಾಶ. ಮರಿ ಬಂದ್ರ ಛಲೋ. ಇಲ್ಲಾಂದ್ರ ಕೀಲಿ ಹಾಕೂದ."

"ಸರ್, ಸುತ್ತಲಿನ ಕೆರಿಗೆಲ್ಲಾ ಮರಿ ಎಲ್ಲಿಂದ ತರ್ತಾರ್ರಿ?" ಮೇಡಂ ಕೇಳಿದರು.

"ದೂರಿಂದ ತರ್ತಾರ. ಅರ್ಧ ದಾರ್ಯಾಗ ಸಾಯ್ತಾವ. ನನಗೂ ಗೊತ್ತೈತಿ. ಆದ್ರ ನಾ ಏನ ಮಾಡ್ಲಿ?"

ಜೀಪು ಹೋದ ಮೇಲೆ ಬಸಣ್ಣ ಹಲ್ಲುಕಡ್ಡಿ ಕಚ್ಚಿಕೊಂಡು ಕೂತ. ಕೀಲಿ ಬಿದ್ದರೆ ಅವನಿಗೂ ನನಗೂ ಕೆಲಸವಿಲ್ಲ. ಅದು ಒಂದು. ಆದರೆ ಅಷ್ಟು ವರ್ಷ ತತ್ತಿಯೊಳಗೆ ಜೀವ ಮಿಸುಕುವುದನ್ನು ಕಂಡವಳಿಗೆ, ಬೆಳ್ಳಗಾದ ತೊಟ್ಟಿಯನ್ನು ಕೊನೆಯ ನೋಟವಾಗಿ ಬಿಟ್ಟು ಹೋಗುವುದು ಇನ್ನೂ ದೊಡ್ಡ ಸಂಕಟ.

ಈಗ ಸಂಗನಗೌಡರ ವಿಷಯಕ್ಕೆ ಬರುತ್ತೇನೆ. ನಮ್ಮ ಕೇಂದ್ರದ ಮೇಲ್ಗಡೆ ಅವರ ದ್ರಾಕ್ಷಿತೋಟ. ಕಾಲುವೆ ನೀರು ಬಂದ ಮೇಲೆ ಹಾಕಿದ ತೋಟ, ವರ್ಷವೂ ಬೆಳೆಯುತ್ತ ಹಳ್ಳದ ದಂಡೆತನಕ ಬಂದಿತ್ತು. ಅವರ ಮನೆಯಲ್ಲಿ ಮೀನಿನ ವಾಸನೆಯೂ ಸೇರದು. ಆದರೆ ಮನಸ್ಸು ದೊಡ್ಡದು. ಒಣದ್ರಾಕ್ಷಿ ಆದಾಗ ನಮಗೆ ಪಾಲು ಬರದೆ ಇರುತ್ತಿರಲಿಲ್ಲ. ಅವರ ಹೆಂಡತಿ ನೀಲವ್ವ ಮಧ್ಯಾಹ್ನ ಬಂದು ನನ್ನ ಜೊತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಕೀಲಿಯ ಸುದ್ದಿ ಕೇಳಿ ಅವಳ ಕಣ್ಣಲ್ಲಿ ನೀರು ಬಂತು.

"ಯಕ್ಕಾ, ನಿಮ್ಮ ತೊಟ್ಟಿ ಸಿಮಿಟಿಂದು. ಅದಕ ಜೀವ ನಿಂದರವಲ್ದು. ನಮ್ಮನ್ಯಾಗ ಅತ್ತಿ ಕಾಲದ ತಾಂಬ್ರದ ಹಂಡೆ ಐತಿ. ತಾಂಬ್ರದಾಗಿನ ನೀರು ಅಮೃತ ಅಂತಾರ, ಡಾಕ್ಟರ್ ಸೈತ ಕುಡೀರಿ ಅಂತಾರ. ಅದರಾಗ ಇಟ್ಟು ನೋಡ್ರಲಾ!"

ನಮ್ಮ ಕಡೆ ಯಾರ ಮನೆಗೆ ಹೋಗಿ ನೋಡಿ, ದೇವರ ಮುಂದೆ ತಾಮ್ರದ ತಂಬಿಗೆ, ಹಾಸಿಗೆಯ ಪಕ್ಕದಲ್ಲಿ ತಾಮ್ರದ ತಂಬಿಗೆ. ಕೂಸಿಗೆ ಎರೆಯುವ ನೀರಿಗೂ ತಾಮ್ರದ ಹಂಡೆಯೇ. ಹೆರಿಗೆಯ ವಿಷಯ ಬಂದಾಗ ಅದಕ್ಕಿಂತ ಮಡಿ ಯಾವುದು? ನಮಗೆಲ್ಲ ಒಂದೇ ಮಾತಿಗೆ ಒಪ್ಪಿಗೆಯಾಯಿತು. ನೀಲವ್ವ ಹಂಡೆಯನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ತಿಕ್ಕಿ, ಸೂರ್ಯನ ಹಾಗೆ ಹೊಳೆಯಿಸಿ, ಟ್ರ್ಯಾಕ್ಟರಿನಲ್ಲಿ ಕಳಿಸಿದಳು. ಮೇಲೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ!

ರೂಪಾ ಮೇಡಂ ಹಂಡೆ ನೋಡಿ ನಕ್ಕರು. ಬೇಡ ಅನ್ನಲಿಲ್ಲ. "ಇರ್ಲಿ, ಅರ್ಧ ತತ್ತಿ ಇದರಾಗ, ಅರ್ಧ ತೊಟ್ಟ್ಯಾಗ ಬಿಡೂಣು. ಒಂದ ನೀರು, ಒಂದ ತಾಯಿ. ಯಾವುದು ಗೆಲ್ತದ ನೋಡೂಣು" ಎಂದರು.

ಬೆಳಗಿನಲ್ಲಿ ತತ್ತಿ ಬಿಟ್ಟೆವು. ಹಂಡೆಯ ನೀರಿಗೆ ಗಾಳಿ ಊದುವ ಕೊಳವೆ ಇಟ್ಟೆವು. ನಾನೂ ನೀಲವ್ವನೂ ಅದರ ಮುಂದೆ ಹೊಸ ಸೊಸೆಯನ್ನು ನೋಡುವವರ ಹಾಗೆ ಕುಳಿತೆವು. ಊಟದ ಹೊತ್ತಿಗೆ ತೊಟ್ಟಿಯಲ್ಲಿ ಬಿಳಿ ಅಲ್ಲಲ್ಲಿ ಕಾಣುತ್ತಿತ್ತು. ಹಂಡೆಯಲ್ಲಿ? ಒಂದೂ ಬಿಡದೆ ಬೆಳ್ಳಗೆ! ಅನ್ನ ಬಸಿದಿಟ್ಟ ಹಾಗೆ!

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ನಮ್ಮ ಅತ್ತಿ ಕಣ್ಣ ತಾಗ್ತೇನ ಯಕ್ಕಾ? ಸತ್ತ ಮ್ಯಾಲೂ ಬಿಡಲಿಲ್ಲಲ್ಲ ಮುದಿಕಿ!"

ಮೇಡಂ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಹಂಡೆಗೂ ತೊಟ್ಟಿಗೂ ನಡುವೆ ಓಡಾಡಿದರು. "ಕಸ್ತೂರವ್ವಾ, ಒಂದ ನೀರು, ಒಂದ ತತ್ತಿ. ಬ್ಯಾರೇ ಏನೈತಿ ಇದರಾಗ? ತಾಮ್ರ! ತಾಮ್ರ ತತ್ತಿಗೆ ವಿಷ ಅಂತ ಓದೇನಿ, ಅದನ್ನ ಹಿಂಗ ಕಣ್ಣಿಗೆ ಕಂಡಿದ್ದಿಲ್ಲ. ತೊಟ್ಟ್ಯಾಗೂ ಹಿಂಗ ಬಿಳೀ ಆಗತಾವಲ್ಲ, ಸಾವಕಾಶ. ಅಲ್ಲೂ ತಾಮ್ರ ಇದ್ರ?"

ಬಸಣ್ಣ ತೊಟ್ಟಿಯನ್ನು ಬಡಿದು ತೋರಿಸಿದ. "ಮೇಡಂ, ಇದು ಸಿಮಿಟಿಂದ್ರಿ. ಬಡದ್ರ ನನ್ನ ಕೈ ನೋಯತೈತಿ."

ಅಷ್ಟರಲ್ಲಿ ಗೌಡರು ಬಂದರು, ಹಂಡೆ ಏನಾಯಿತು ನೋಡಲು. ತೋಟಕ್ಕೆ ಔಷಧ ಹೊಡೆಸಿ ಸೀದಾ ಬಂದಿದ್ದರು. ಅಂಗಿಯ ಮೇಲೂ ಕೈಗಳ ಮೇಲೂ ಸಿಡಿದ ತಿಳಿನೀಲಿ ಹನಿ. ಬಂದವರೇ "ಭಾಳ ಉರಿ ಬಿಸಲವ್ವಾ" ಎಂದು, ಕೈ ತೊಳೆಯಲು ತೊಟ್ಟಿಯ ಮೇಲೆ ಬಾಗಿದರು. ಮೇಡಂ ಹಾರಿ ಬಂದು ಅವರ ಮಣಿಕಟ್ಟು ಹಿಡಿದುಬಿಟ್ಟರು. ಗೌಡರ ಮಣಿಕಟ್ಟು! ಬಸಣ್ಣ ಹಿಂದೆ ಸರಿದು ಕಂಬಕ್ಕೆ ಬಡಿದುಕೊಂಡ.

"ಕೈಗೆ ಏನ್ರಿ ಗೌಡ್ರ ಇದು?"

"ಮೈಲುತುತ್ತ. ಸುಣ್ಣದ ಜೋಡಿ ಕಲಸಿ ದ್ರಾಕ್ಷಿಗೆ ಹೊಡೀತೀವಿ. ಯಾಕ, ಕೈ ಬಿಡವಾ."

ಮೇಡಂ ಕೈ ಬಿಡಲಿಲ್ಲ. "ಮೈಲುತುತ್ತ ಅಂದ್ರ ತಾಮ್ರರಿ ಗೌಡ್ರ! ಖರೇ ತಾಮ್ರ! ಅದನ್ನ ಕಲಸೂ ಬ್ಯಾರಲ್ ಎಲ್ಲಿ ತೊಳೀತೀರಿ ನೀವು?"

ಗೌಡರ ಮುಖ ಕೆಂಪಾಯಿತು. "ಔಷಧ ಹೊಡೀಬ್ಯಾಡ ಅಂತೀಯೇನು? ಮಳಿ ಹತ್ತೈತಿ. ಈಗ ಬಿಟ್ರ ಡೌನಿ ರೋಗ ಬಂದು ಎಲಿ ಎಲ್ಲಾ ಸುಟ್ಟಂಗ ಆಗತಾವ. ನನ್ನ ತ್ವಾಟ ಹೋಗಲೇನ ನಿನ್ನ ಮೀನಿನ ಸಲುವಾಗಿ?"

"ಹೊಡೀಬ್ಯಾಡ ಅನ್ನಾಂಗಿಲ್ಲರಿ. ಎಲ್ಲಿ ತೊಳೀತೀರಿ, ಅಷ್ಟ ಹೇಳ್ರಿ."

ಗೌಡರು ಹಳ್ಳದ ಕಡೆ ತಿರುಗಿದರು. ನೀಲವ್ವ ಎದ್ದು ನಿಂತಳು. "ಹಳ್ಳದಾಗ ತೊಳೀತಾರ. ಉಳಿದ ಗಸಿನೂ ಅಲ್ಲೇ ಚೆಲ್ಲತಾರ. ಖರೇ ಹೇಳಾಕ ಏನೈತ್ರಿ? ತ್ವಾಟದ ಮಣ್ಣ ಕೆಡತೈತಿ ಅಂತ ಹಳ್ಳಕ ಒಯ್ಯಾಕ ಹತ್ತಿದ್ವಿ ನಾವು. ಕೆಳಗ ಕೂಸುಗಳದಾವ ಅಂತ ಯಾರಿಗೆ ತಿಳದಿತ್ತು?"

ಕೂಸುಗಳು! ಮೀನಿನ ವಾಸನೆ ಸೇರದ ಹೆಣ್ಣುಮಗಳ ಬಾಯಲ್ಲಿ ಆ ಮಾತು! ಗೌಡರು ಹಂಡೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಕೈಯನ್ನು ತಮ್ಮ ಧೋತರಕ್ಕೇ ಒರೆಸಿಕೊಂಡರು.

ಮೇಡಂ ಡಬ್ಬಿಗೆ ತಾಮ್ರ ಹಿಡಿಯಲು ಬರುತ್ತಿರಲಿಲ್ಲ. ಮರುದಿನವೇ ಅವರು ಒಡ್ಡಿನ ನೀರು, ಕೊಳದ ತಳದ ಕೆಸರು ಎರಡನ್ನೂ ಬಾಟಲಿಯಲ್ಲಿ ತುಂಬಿಕೊಂಡು ವಿಜಯಪುರದ ಒಂದು ಪ್ರಯೋಗಾಲಯಕ್ಕೆ ಒಯ್ದರು. ಕಾಯುವ ದಿನಗಳಲ್ಲಿ ನಾನು ಬಸ್ಸಿನಲ್ಲಿ ತಮಾಷೆಗೂ ಉತ್ತರ ಕೊಡಲಿಲ್ಲ. ಕಂಡಕ್ಟರನೇ ಹೆದರಿ "ಆರಾಮ ಅದಿಯಿಲ್ಲೋ ಯವ್ವಾ?" ಎಂದು ಕೇಳಿದ. ಕೊನೆಗೆ ಮೇಡಂ ಫೋನು ಬಂತು. ನೀರಿನಲ್ಲಿ ತಾಮ್ರ ಇದೆ, ಕೆಸರಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ಇದೆ!

ಹೊಸ ಮಕ್ಕಳೇ, ಇದನ್ನು ಚೆನ್ನಾಗಿ ನೆನಪಿಡಿ. ಸೆಗಣಿ ಬಿದ್ದ ನೀರು, ಎಲೆ ಕೊಳೆತ ನೀರು ಕೆಲವು ದಿನಕ್ಕೆ ತಿಳಿಯಾಗುತ್ತದೆ. ತಾಮ್ರ, ಸೀಸ, ಸತು ಕೊಳೆಯುವುದೂ ಇಲ್ಲ, ಆರಿ ಹೋಗುವುದೂ ಇಲ್ಲ. ಕೆಸರಿನಲ್ಲಿ ಕೂತು, ನೀರು ಕದಡಿದಾಗಲೆಲ್ಲ ಮತ್ತೆ ಮೇಲೆ ಬರುತ್ತವೆ. ದೊಡ್ಡ ಮೀನು ತಡೆದುಕೊಂಡು ಈಜುತ್ತಿರುತ್ತದೆ, ಆದರೆ ಗಂಡಿನ ಬೀಜ ನೀರಿಗೆ ಬಿದ್ದ ಕೂಡಲೇ ಓಡುವ ಶಕ್ತಿ ಕಳೆದುಕೊಳ್ಳುತ್ತದೆ. ಹೆಣ್ಣಿನ ತತ್ತಿ ಸರಿಯಾಗಿ ಬಲಿಯುವುದಿಲ್ಲ. ಮರಿ ಕಟ್ಟಿದರೂ ಬೆನ್ನು ಬಾಗುತ್ತದೆ. ಮೇಡಂ ನನಗೆ ಇದನ್ನೆಲ್ಲ ಬಿಡಿಸಿ ಹೇಳಿದಾಗ ನಾನು ಅಂದೆ, "ಹಂಗಾರ ಮೀನು ಬದುಕ್ಯಾವು, ಅವುಗಳ ವಂಶ ಸಾಯಾಕತ್ತೈತಿ ಅನ್ರಿ." ಮೇಡಂ "ಹೂಂ ಯವ್ವಾ" ಅಂದರು.

ಕಾರಣ ತಿಳಿಯಿತು. ಆದರೆ ಮಳೆಗಾಲ ಸರಿಯುತ್ತಿತ್ತು! ಕೊಳದ ಕೆಸರು ತೆಗೆಸಲು ಬೇಸಿಗೆಯೇ ಬರಬೇಕು. ಈಗ ಒಳ್ಳೆಯ ನೀರು ಎಲ್ಲಿಂದ? ಬೋರು ಬತ್ತಿತ್ತು. ತಗಡಿನ ಮಾಳಿಗೆಯಿಂದ ಬೀಳುವ ಮಳೆನೀರು ಹಿಡಿಯೋಣ ಎಂದು ಬಸಣ್ಣ ಪಾತ್ರೆಗಳನ್ನೆಲ್ಲ ಸಾಲಾಗಿ ಇಟ್ಟ. "ತಗಡಿಗೆ ಸತು ಬಳದಿರ್ತಾರ ಬಸಣ್ಣಾ, ಅದೂ ತತ್ತಿಗೆ ಆಗಿಬರಂಗಿಲ್ಲ" ಎಂದರು ಮೇಡಂ. ಬಸಣ್ಣ ಒಂದೊಂದೇ ಪಾತ್ರೆ ಬೋರಲು ಹಾಕಿ ಗೊಣಗಿದ. "ತಾಮ್ರ ಬ್ಯಾಡ, ಸತು ಬ್ಯಾಡ. ಈ ಮೀನಿಗೆ ಬಂಗಾರದ ತಾಟ ತರಬೇಕೇನು?"

ಆವತ್ತೇ ಸಂಜೆ ತೋಟದ ಕಡೆಯಿಂದ ಕರಿ ಪೈಪು ಹಾವಿನ ಹಾಗೆ ಇಳಿದು ಬಂತು. ಅದನ್ನು ಎಳೆದುಕೊಂಡು ಬರುತ್ತಿದ್ದವರು ಸಂಗನಗೌಡರು!

"ತ್ವಾಟದ ತುದಿಗೆ ನನ್ನ ಹೊಂಡ ಐತಿ. ಪ್ಲಾಸ್ಟಿಕ್ ಹಾಳಿ ಹಾಸೇನಿ, ಕಾಲವಿ ನೀರು. ಅದರ ಹತ್ತರ ಔಷಧದ ಬ್ಯಾರಲ್ ಎಂದೂ ಹೋಗಿಲ್ಲ. ಮಳಿ ಆಗೈತಿ, ಬಳ್ಳಿಗೆ ಸದ್ಯ ನೀರ ಬೇಕಾಗಂಗಿಲ್ಲ. ತಗೋರಿ. ಬ್ಯಾರಲ್ ತೊಳ್ಯಾಕ ಹಳ್ಳದಿಂದ ದೂರ ಗುಂಡಿ ತೆಗಸಿ, ಹಾಳಿ ಹಾಸಾಕ ಹೇಳೇನಿ. ಆದ್ರ ಮೇಡಂ, ಮುಂದ ಹಿಂಗ ಕೈ ಹಿಡ್ಯಾಕ ಬರಬ್ಯಾಡ್ರಿ. ಊರಾಗ ನಗ್ಯಾಡಾಕತ್ತಾರ!"

"ಹಿಡೀಲಿ ಬಿಡ್ರಿ" ಎಂದಳು ಹಿಂದಿನಿಂದ ನೀಲವ್ವ, "ನಾ ಹಿಡದ್ರ ಎಂದ ಕೇಳೀರಿ ನೀವು?"

ನಾವು ತೊಟ್ಟಿಗಳನ್ನು ಉಜ್ಜಿ ತೊಳೆದೆವು. ಗಟ್ಟಿಮುಟ್ಟಾದ ಕಾಟ್ಲಾ ಮೀನುಗಳನ್ನು ಹೊಂಡದ ನೀರಿಗೆ ತಂದು, ಕೆಲವು ದಿನ ಹಾಗೇ ಬಿಟ್ಟೆವು. ಹೆಣ್ಣಿನ ಹೊಟ್ಟೆ ಮುಟ್ಟಿದರೆ ಮೆತ್ತಗೆ, ಗಂಡಿನ ಹೊಟ್ಟೆ ತುಸು ಒತ್ತಿದರೆ ಹಾಲಿನಂಥ ಬೀಜ. ಒಂದು ಸಂಜೆ ಮೇಡಂ ಸೂಜಿ ಚುಚ್ಚಿದರು. ನಾನು ತಾಯಿ ಮೀನನ್ನು ಒದ್ದೆ ಅರಿವೆಯಲ್ಲಿ ಎದೆಗೊತ್ತಿ ಹಿಡಿದೆ. ಆವತ್ತು ಅದು ಬಾಲ ಕೂಡ ಆಡಿಸಲಿಲ್ಲ, ಸುಮ್ಮನೆ ಬಾಯಿ ತೆರೆದು ಮುಚ್ಚಿತು.

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ನೀರ ತುಂಬ ಸಾಬೂದಾಣಿ! ತಿಳಿ! ಬೊಗಸೆಯಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಆದರೂ ನಂಬಲಿಲ್ಲ. ಮಧ್ಯಾಹ್ನಕ್ಕೆ ಬೆಳ್ಳಗಾಗುವುದನ್ನು ಎಷ್ಟು ಸಲ ಕಂಡಿದ್ದೆ! ಯಾರೂ ಉಣ್ಣಲಿಲ್ಲ. ನೀಲವ್ವ ಬುತ್ತಿ ಕಟ್ಟಿಕೊಂಡು ಬಂದವಳು ಅದನ್ನು ಬಿಚ್ಚಲೂ ಮರೆತಳು. ಗೌಡರು ಔಷಧ ಹೊಡೆಸುವುದನ್ನು ಆಳುಗಳಿಗೆ ಬಿಟ್ಟು, ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಬಂದು ತೊಟ್ಟಿಯಿಂದ ಎರಡು ಮಾರು ದೂರ ನಿಂತರು, ಕೈ ಹಿಂದೆ ಕಟ್ಟಿಕೊಂಡು.

ಹೊತ್ತು ಇಳಿಯತೊಡಗಿದಾಗ ನಾನು ಬಿಳಿ ತಾಟಿನಲ್ಲಿ ತುಸು ತತ್ತಿ ತೆಗೆದು ಬಗ್ಗಿ ನೋಡಿದೆ. ತತ್ತಿಯೊಳಗೆ ಕೂದಲೆಳೆಯಷ್ಟು ಕಪ್ಪು. ಅದು ಮಿಸುಕಿತು. ಇನ್ನೊಂದೂ ಮಿಸುಕಿತು. ತಾಟು ತುಂಬ ಪಟಪಟ ಬಡಿದಾಟ!

"ಮೇಡಂ! ಬಾಲಾ ಬಡ್ಯಾಕತ್ತಾವ! ಎಲ್ಲಾ ಬಡ್ಯಾಕತ್ತಾವ ಬರ್ರಿ!"

ಮೇಡಂ ಬಂದರು, ಬಸಣ್ಣ ಬಂದ, ನೀಲವ್ವ ನನ್ನ ಭುಜದ ಮೇಲಿಂದ ಕತ್ತು ಚಾಚಿದಳು. ಗೌಡರು ಮಾತ್ರ ದೂರದಿಂದಲೇ ಕೇಳಿದರು, "ಯಕ್ಕಾ, ಬೆನ್ನ ನೆಟ್ಟಗ ಅದಾವೇನ?"

"ಬಾಣ ಇದ್ದಂಗ ಅದಾವ್ರಿ ಗೌಡ್ರ! ಹತ್ರ ಬರ್ರಿ, ಏನೂ ಆಗಂಗಿಲ್ಲ!"

ಮೇಡಂ ದೊಡ್ಡ ಸಾಹೇಬರಿಗೆ ಫೋನು ಮಾಡಿದರು. "ನೀನ ಹೇಳ ಯವ್ವಾ" ಎಂದು ನನ್ನ ಕೈಗೆ ಕೊಟ್ಟರು. ನಾನು ಕೂಗಿದೆ, "ಸಾಹೇಬ್ರ, ಕೀಲಿ ಅಲ್ಲೇ ಇಟ್ಟು ಬರ್ರಿ! ಕಣ್ಣೀಲೆ ನೋಡಬೇಕು ಇದನ್ನ!"

ಮರುದಿನ ಜೀಪು ಬಂತು. ಅಷ್ಟರಲ್ಲಿ ತತ್ತಿ ಒಡೆದು, ತೊಟ್ಟಿಯೆಲ್ಲ ಜೀರಿಗೆ ಚೆಲ್ಲಿದ ಹಾಗೆ ಮರಿಗಳು ಚಿಮ್ಮುತ್ತಿದ್ದವು. ಸಾಹೇಬರು ಇಸ್ತ್ರಿ ಪ್ಯಾಂಟಿನಲ್ಲೇ ಒದ್ದೆ ಕಟ್ಟೆಯ ಮೇಲೆ ಮೊಣಕಾಲೂರಿ ಕುಳಿತರು. ಅಂಗೈ ನೀರಿಗಿಟ್ಟು, ಬೆರಳ ಸಂದಿಯಲ್ಲಿ ಮರಿಗಳು ನುಸುಳುವುದನ್ನು ಬಹಳ ಹೊತ್ತು ನೋಡಿದರು. ನಾವೆಲ್ಲ ಅವರ ಬಾಯನ್ನೇ ನೋಡುತ್ತ ನಿಂತೆವು. ಕೊನೆಗೆ ಅವರು ತಲೆ ಎತ್ತಿ, ಪಕ್ಕದ ಖಾಲಿ ತೊಟ್ಟಿಯ ಕಡೆಗೆ ಗದ್ದ ತೋರಿಸಿ ಕೇಳಿದರು:

"ಅದರಾಗ ಯಾವ ಮೀನಾ ಬಿಡಾವ್ರು?"

"ರೋಹೂ!" ಎಂದು ನಾವು ಒಟ್ಟಿಗೇ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವರು ಸಂಗನಗೌಡರು.